ಗೊಬ್ಬರದ ಗುಂಡಿಯಲ್ಲಿ ಬೂದಿ ಹಾಗೆ ಬಿಳಿ ಪುಡಿ: ಎಸೆಯಬೇಕಾ, ಇಟ್ಟುಕೊಳ್ಳಬೇಕಾ?

ಬೇಲಿಹೂ
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಹಿತ್ತಲಲ್ಲಿ ಗೊಬ್ಬರದ ಗುಂಡಿ ಇದೆ. ಸಗಣಿ, ದರಕು (ಒಣ ತರಗೆಲೆ), ಅಡಿಕೆ ಸಿಪ್ಪೆ, ಅಡುಗೆಮನೆಯ ಕಸ ಎಲ್ಲ ಅದಕ್ಕೇ ಹೋಗುತ್ತದೆ. ನಿನ್ನೆ ಮಗುಚೋಣ ಅಂತ ಮೇಲಿನ ಒಂದು ಗೇಣು ತೆಗೆದೆ. ಒಳಗೆ ಕೈ ಇಡಲು ಆಗದಷ್ಟು ಬಿಸಿ. ದರಕಿನ ಮೇಲೆಲ್ಲ ಬೂದಿ ಚೆಲ್ಲಿದ ಹಾಗೆ ಬಿಳಿ ಪುಡಿ. ಅಲ್ಲಲ್ಲಿ ಜೇಡರ ಬಲೆಯಂಥ ಎಳೆಗಳು.

ಅತ್ತೆ ನೋಡಿ, "ಬೂಷ್ಟು ಹಿಡಿದಿದೆ, ತೋಟಕ್ಕೆ ಹಾಕಿದರೆ ಕೊಳೆರೋಗ ಬರುತ್ತದೆ, ಎಸೆದುಬಿಡು" ಅಂದರು. ಆದರೆ ಕೆಟ್ಟ ವಾಸನೆ ಏನೂ ಇಲ್ಲ. ಗುಂಡಿಯ ಅಂಚಿನಲ್ಲಿ, ಬಿಸಿ ಕಮ್ಮಿ ಇರುವ ಕಡೆ, ಮೊದಲ ಮಳೆಗೆ ಮಣ್ಣಿನಿಂದ ಏಳುತ್ತದಲ್ವಾ, ಅದೇ ಘಮ. ಆರು ತಿಂಗಳ ಕೆಲಸ, ಎಸೆಯಲು ಮನಸ್ಸು ಬರುತ್ತಿಲ್ಲ. ತಿಳಿದವರು ಹೇಳಿ.

ಕೊಟ್ಟಿಗೆ ಗೊಬ್ಬರ
ಎಸೆಯಬೇಡಿ! ಆ ಬೂದಿ ಬಂದಿದೆ ಅಂದರೆ ಗುಂಡಿ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಬೂದಿ ಬಾರದ ವರ್ಷ ಗೊಬ್ಬರ ಅರ್ಧಂಬರ್ಧ ಕಳಿತಿರುತ್ತದೆ.

ಹಸಿರುಗದ್ದೆ
ಬೂಷ್ಟು ಬೂಷ್ಟೇ. ನಾನಾದರೆ ಬಿಸಿಲಿಗೆ ಹರಡಿ ಒಣಗಿಸುತ್ತಿದ್ದೆ.

ಸೂಕ್ಷ್ಮದರ್ಶಕ
ಹಸಿರುಗದ್ದೆಯವರೇ, ಇದು ಬೂಷ್ಟಿನ ಹಾಗೆ ಕಾಣುತ್ತದೆ, ಆದರೆ ಬಹುಪಾಲು ಬೂಷ್ಟು ಅಲ್ಲ. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳ ಒಂದು ಗುಂಪಿದೆ, ಆಕ್ಟಿನೊಮೈಸೀಟ್ಸ್ ಅಂತಾರೆ. ಅದರಲ್ಲಿ ಮಣ್ಣಿನಲ್ಲಿ ತುಂಬ ಜಾಸ್ತಿ ಸಿಗುವ ಕುಲ ಸ್ಟ್ರೆಪ್ಟೊಮೈಸಿಸ್. 1943ರಲ್ಲಿ ವಾಕ್ಸ್‌ಮನ್ ಮತ್ತು ಹೆನ್ರಿಸಿ ಎಂಬ ವಿಜ್ಞಾನಿಗಳು ಇಟ್ಟ ಹೆಸರು ಇದು. ಗ್ರೀಕ್‌ನಲ್ಲಿ ಅದರ ಅರ್ಥ 'ತಿರುಚಿದ ಶಿಲೀಂಧ್ರ'. ಹೆಸರಿಟ್ಟವರಿಗೂ ಅದು ಶಿಲೀಂಧ್ರದ ಹಾಗೇ ಕಂಡಿತ್ತು ನೋಡಿ. ನಿಮ್ಮ ಗುಂಡಿಯ ಬಿಸಿ ಭಾಗದಲ್ಲಿ ಶಾಖ ತಡೆಯುವ ಬೇರೆ ಕುಲದವೂ ಇರುತ್ತವೆ, ಒಂದಷ್ಟು ನಿಜವಾದ ಶಿಲೀಂಧ್ರವೂ ಇರುತ್ತದೆ. ಎಲ್ಲ ಸೇರಿ ದರಕಿನ ಗಟ್ಟಿ ನಾರನ್ನು ಮುರಿಯುತ್ತಿವೆ. ಬೇರೆ ಬ್ಯಾಕ್ಟೀರಿಯಾಗಳು ಸುಲಭದ ಸಕ್ಕರೆ, ಪಿಷ್ಟ ತಿಂದು ಮುಗಿಸಿದ ಮೇಲೆ ಉಳಿದ ಕಷ್ಟದ ಕೆಲಸ ಇವುಗಳ ಪಾಲಿಗೆ ಬರುತ್ತದೆ.

ಕೊಳೆರೋಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕೊಳೆರೋಗ ತರುವುದು ಫೈಟಾಫ್ತೊರಾ. ಅದು ಮಳೆಗಾಲದ ತೇವದಲ್ಲಿ ಹರಡುವ ಬೇರೆಯೇ ಜೀವಿ.

ಹಸಿರುಗದ್ದೆ
ಬ್ಯಾಕ್ಟೀರಿಯಾ ಅಂದರೆ ಚುಕ್ಕೆ, ಕಡ್ಡಿ ಹಾಗೆ ಇರುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು. ಎಳೆ ಹೇಗೆ ಬರುತ್ತದೆ? ಎಳೆ ಇದ್ದರೆ ಶಿಲೀಂಧ್ರ ತಾನೇ?

ಸೂಕ್ಷ್ಮದರ್ಶಕ
ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳೇ ಎಷ್ಟೋ ವರ್ಷ ಈ ಗೊಂದಲದಲ್ಲಿದ್ದರು. ಎಳೆಯ ದಪ್ಪ ನೋಡಿ. ಶಿಲೀಂಧ್ರದ ಎಳೆ ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್. ಇದರದ್ದು 1 ಮೈಕ್ರಾನ್ ಆಸುಪಾಸು. ಒಳಗೆ ಕೋಶಕೇಂದ್ರ (ನ್ಯೂಕ್ಲಿಯಸ್) ಇಲ್ಲ, ಜೀವಕೋಶದ ಗೋಡೆಯೂ ಬ್ಯಾಕ್ಟೀರಿಯಾದ್ದೇ. ಪೆನಿಸಿಲಿನ್ ಶಿಲೀಂಧ್ರವನ್ನು ಏನೂ ಮಾಡುವುದಿಲ್ಲ, ಇವುಗಳಲ್ಲಿ ಕೆಲವನ್ನು ಕೊಲ್ಲಬಲ್ಲದು.

ಇದರ ಬದುಕು ಹೀಗೆ. ಬೀಜಕ, ಅಂದರೆ ಬೀಜದ ಹಾಗಿನ ಪುಟ್ಟ ಕಣ, ತೇವ ಸಿಕ್ಕಿದಾಗ ಮೊಳೆಯುತ್ತದೆ. ಬೇರಿನ ಹಾಗೆ ಎಳೆಗಳು ಮಣ್ಣೊಳಗೆ ಕವಲೊಡೆದು ಹೋಗುತ್ತವೆ. ಆಹಾರ ಮುಗಿಯುತ್ತಾ ಬಂದಾಗ ಕೆಲವು ಎಳೆಗಳು ಮೇಲಕ್ಕೆ, ಗಾಳಿಗೆ ಏಳುತ್ತವೆ. ಕೆಳಗಿನ ಹಳೇ ಎಳೆಗಳು ತಮ್ಮನ್ನು ತಾವೇ ಕರಗಿಸಿಕೊಂಡು ಮೇಲಿನವಕ್ಕೆ ಊಟ ಆಗುತ್ತವೆ. ಮೇಲೆದ್ದ ಎಳೆ ತುಂಡು ತುಂಡಾಗಿ ಮಣಿಸರದ ಹಾಗೆ ಬೀಜಕಗಳಾಗುತ್ತದೆ. ನೀವು ಕಂಡ ಬೂದಿಯಲ್ಲಿ ಇಂಥ ಬೀಜಕಗಳೇ ಜಾಸ್ತಿ.

ಆ ಕರಗುವ ಹೊತ್ತಿನಲ್ಲೇ ಸುತ್ತಲಿನ ಬೇರೆ ಸೂಕ್ಷ್ಮಜೀವಿಗಳು ಊಟಕ್ಕೆ ನುಗ್ಗುತ್ತವೆ. ಇವು ಆಂಟಿಬಯಾಟಿಕ್ ಸುರಿಸುವುದೂ ಆಗಲೇ. ಮಕ್ಕಳಿಗೆ ಇಟ್ಟ ಬುತ್ತಿಯನ್ನು ಬೇರೆಯವರು ಕದಿಯದ ಹಾಗೆ ಕಾಯುವುದಕ್ಕೆ ಅಂತ ಬಹಳ ಮಂದಿ ವಿಜ್ಞಾನಿಗಳು ವಿವರಿಸುತ್ತಾರೆ. ನನಗೆ ಇದನ್ನು ಪಾಠ ಮಾಡುವಾಗ ಪ್ರತಿ ವರ್ಷ ಮೈ ಜುಮ್ ಅನ್ನುತ್ತದೆ.

ನಾಡಿಮಿಡಿತ
ಒಂದು ಎಚ್ಚರಿಕೆ ನಡುವೆ ಹೇಳಿಬಿಡುತ್ತೇನೆ. ಬೇಲಿಹೂ ಅವರೇ, ಒಣಗಿದ ಬೂದಿಯನ್ನು ಮುಖದ ಹತ್ತಿರ ಎಬ್ಬಿಸಬೇಡಿ. ಬಿಸಿಯೆದ್ದ ಹುಲ್ಲು, ಗೊಬ್ಬರದಲ್ಲಿ ಬೆಳೆಯುವ ಈ ಗುಂಪಿನ ಕೆಲವು ಜಾತಿಗಳ ಬೀಜಕ ಪದೇಪದೇ ಎಳೆದುಕೊಂಡರೆ ಶ್ವಾಸಕೋಶ ಊದಿಕೊಳ್ಳುತ್ತದೆ. ರೈತರ ಶ್ವಾಸಕೋಶ ರೋಗ ಅಂತಲೇ ಅದಕ್ಕೆ ಹೆಸರು. ಮೊದಲು ನೀರು ಚಿಮುಕಿಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ, ಆಮೇಲೆ ಮಗುಚಿ. ಕೈಕಾಲಿಗೆ ಗಾಯ ಇದ್ದರೆ ಬರಿಗಾಲಲ್ಲಿ ಇಳಿಯಬೇಡಿ. ಮಧುರೈ ಊರಿನಿಂದ ಹೆಸರು ಪಡೆದ ಮಧುರಾ ಪಾದ ಎಂಬ ಕಾಯಿಲೆ ಇದೆ. ಗಾಯದೊಳಗೆ ಹೊಕ್ಕು ವರ್ಷಗಟ್ಟಲೆ ಕಾಲು ಊದಿಸುತ್ತದೆ. ಅದನ್ನು ತರುವವರಲ್ಲಿ ಸ್ಟ್ರೆಪ್ಟೊಮೈಸಿಸ್‌ನ ಒಂದು ಜಾತಿಯೂ ಇದೆ. ಹೆದರಬೇಡಿ, ಅಪರೂಪ. ಆದರೆ ಚಪ್ಪಲಿ ಹಾಕಿಕೊಳ್ಳಲು ಏನು ಕಷ್ಟ?

ಬೇಲಿಹೂ
ಅಯ್ಯೋ, ನಿನ್ನೆ ಬರಿಗಾಲಲ್ಲೇ ಇಳಿದಿದ್ದೆ. ಇನ್ನು ಹಾಗೆ ಮಾಡುವುದಿಲ್ಲ. ಮಳೆ ವಾಸನೆ ಯಾಕೆ ಬಂತು ಅಂತ ಯಾರೂ ಹೇಳಲಿಲ್ಲ.

ಮುಂಗಾರು ಮನೆ
ಅದು ಜಿಯೋಸ್ಮಿನ್. ಗ್ರೀಕ್‌ನಲ್ಲಿ ಮಣ್ಣಿನ ವಾಸನೆ ಅಂತಲೇ ಅರ್ಥ. 1965ರಲ್ಲಿ ಅಮೆರಿಕದ ಗರ್ಬರ್ ಮತ್ತು ಲೆಷವಾಲಿಯೆ ಇದನ್ನು ಇಂಥ ಬ್ಯಾಕ್ಟೀರಿಯಾಗಳಿಂದ ಬೇರ್ಪಡಿಸಿ ಹೆಸರಿಟ್ಟರು. ಅದಕ್ಕೆ ಒಂದು ವರ್ಷ ಮೊದಲು ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಒಣ ನೆಲದ ಮೇಲೆ ಮಳೆ ಬಿದ್ದಾಗಿನ ವಾಸನೆಗೆ ಪೆಟ್ರಿಕೋರ್ ಅಂತ ಹೆಸರು ಕೊಟ್ಟಿದ್ದರು. ಉತ್ತರ ಪ್ರದೇಶದ ಕನೌಜ್‌ನಲ್ಲಿ ಒಣ ಮಣ್ಣನ್ನು ಭಟ್ಟಿ ಇಳಿಸಿ ಅತ್ತರು ಮಾಡುತ್ತಾರಲ್ವಾ, ಅದರ ಬಗ್ಗೆಯೂ ಅವರು ಬರೆದಿದ್ದರು.

ನಮ್ಮ ಮೂಗು ಇದಕ್ಕೆ ಎಷ್ಟು ಚುರುಕು ಅಂದರೆ, ಒಂದು ಲಕ್ಷ ಕೋಟಿ ಪಾಲಿನಲ್ಲಿ ಐದು ಪಾಲು ಇದ್ದರೂ ಕೆಲವರಿಗೆ ಗೊತ್ತಾಗುತ್ತದೆ. ಒಣ ಮಣ್ಣಿಗೆ ಹನಿ ಬಿದ್ದಾಗ ಅದರಡಿ ಗಾಳಿ ಸಿಕ್ಕಿ, ಗುಳ್ಳೆಯಾಗಿ ಮೇಲೆ ಬಂದು ಒಡೆಯುತ್ತದೆ. ಸೋಡಾ ಗ್ಲಾಸಿನ ಮೇಲೆ ಹನಿ ಚಿಮ್ಮುವ ಹಾಗೆ. 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದರು. ಜೋರು ಮಳೆಗಿಂತ ಹಗುರ ಮಳೆಗೆ ಈ ತುಂತುರು ಜಾಸ್ತಿ ಏಳುತ್ತದಂತೆ. ನಮ್ಮ ಅನುಭವವೂ ಅದೇ ಅಲ್ವಾ? ಧೋ ಅಂತ ಸುರಿದಾಗ ವಾಸನೆ ಬರುವುದಿಲ್ಲ, ನಾಲ್ಕು ದಪ್ಪ ಹನಿ ಬಿದ್ದಾಗ ಬರುತ್ತದೆ.

ಹಸಿರುಗದ್ದೆ
ನಮಗೆ ವಾಸನೆ ಕೊಟ್ಟು ಅದಕ್ಕೇನು ಲಾಭ?

ಸೂಕ್ಷ್ಮದರ್ಶಕ
ನಮಗಲ್ಲ, ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜಿಗಿಯುವ ಜೀವಿಗೆ. ತೇವದ ಮಣ್ಣು ಕೆದಕಿದರೆ ಕಾಣುತ್ತವೆ. 2020ರಲ್ಲಿ ಪ್ರಕಟವಾದ ಸಂಶೋಧನೆ ಇದು: ಬೀಜಕ ಆಗುವ ಹೊತ್ತಿಗೇ ಸ್ಟ್ರೆಪ್ಟೊಮೈಸಿಸ್ ಜಿಯೋಸ್ಮಿನ್ ಬಿಡುತ್ತದೆ. ವಾಸನೆ ಹಿಡಿದು ಸ್ಪ್ರಿಂಗ್‌ಟೇಲ್ ಬಂದು ತಿನ್ನುತ್ತದೆ. ಬೀಜಕ ಅದರ ಮೈಗೆ ಅಂಟಿ, ಹಿಕ್ಕೆಯಲ್ಲೂ ಸೇರಿ ದೂರ ಹೋಗುತ್ತದೆ. ಹಕ್ಕಿ ಹಣ್ಣು ತಿಂದು ಬೀಜ ಹರಡಿದ ಹಾಗೆ.

ಕಡಲತಡಿ
ಇದೇ ವಾಸನೆ ಕೆರೆ ಮೀನಿನಲ್ಲೂ ಬರುತ್ತದಲ್ಲ? ನಮ್ಮ ಕಡೆಯವರು ಸಮುದ್ರದ ಮೀನಿಗೆ ಒಗ್ಗಿದವರು. ಗಂಡನ ಊರು ಮಂಡ್ಯ ಕಡೆ. ಮೊದಲ ಸಲ ಕೆರೆ ಮೀನು ತಿಂದಾಗ ಕೆಸರು ತಿಂದ ಹಾಗಾಗಿತ್ತು. ಅವರ ಮನೆಯಲ್ಲಿ ಮೀನನ್ನು ಹುಣಸೆ ನೀರಲ್ಲಿ ನೆನೆಸಿಟ್ಟು ಆಮೇಲೆ ಸಾರು ಮಾಡುತ್ತಾರೆ. ಆಗ ವಾಸನೆ ಇರುವುದಿಲ್ಲ.

ಮುಂಗಾರು ಮನೆ
ಹೌದು, ಅದೂ ಜಿಯೋಸ್ಮಿನ್ನೇ! ಹುಳಿಗೆ ಅದು ಮುರಿದು ವಾಸನೆ ಇಲ್ಲದ ಬೇರೆ ವಸ್ತು ಆಗುತ್ತದೆ. ಬೀಟ್‌ರೂಟಿನ ಮಣ್ಣು ವಾಸನೆಯೂ ಇದರದ್ದೇ.

ಸೂಕ್ಷ್ಮದರ್ಶಕ
ಸಣ್ಣ ತಿದ್ದುಪಡಿ. ಕೆರೆಯಲ್ಲಿ ಅದನ್ನು ಜಾಸ್ತಿ ಮಾಡುವುದು ನೀಲಿ ಹಸಿರು ಪಾಚಿ ಅನ್ನುತ್ತೇವಲ್ಲ, ಆ ಬ್ಯಾಕ್ಟೀರಿಯಾಗಳು. ಸ್ಟ್ರೆಪ್ಟೊಮೈಸಿಸ್ ಪಾಲೂ ಇದೆ. ಹುಣಸೆ ವಿಷಯ ಮಾತ್ರ ನೂರಕ್ಕೆ ನೂರು ಸರಿ.

ಪರದೇಸದ ಮನೆ
ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ರಾಜ್ಯಕ್ಕೆ ಅಧಿಕೃತ ಹೂವು, ಹಕ್ಕಿ ಇದ್ದ ಹಾಗೆ ಅಧಿಕೃತ ಸೂಕ್ಷ್ಮಜೀವಿಯೂ ಇದೆ: ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್. 2019ರಲ್ಲಿ ಘೋಷಿಸಿದರು. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಇದರಿಂದಲೇ ಸಿಕ್ಕಿದ್ದು, ಇಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ.

ಕೊಟ್ಟಿಗೆ ಗೊಬ್ಬರ
ನಮ್ಮ ದೇಶಕ್ಕೂ ಇದೆ. 2012ರಲ್ಲಿ ಮೊಸರು ಮಾಡುವ ಲ್ಯಾಕ್ಟೋಬ್ಯಾಸಿಲಸ್ ಅನ್ನು ರಾಷ್ಟ್ರೀಯ ಸೂಕ್ಷ್ಮಜೀವಿ ಅಂತ ಮಾಡಿದರು.

ಹಳೇ ಪುಟ
ಸ್ಟ್ರೆಪ್ಟೊಮೈಸಿನ್ ವಿಷಯ ಬಂದಿದ್ದಕ್ಕೆ ಹೇಳಲೇಬೇಕು. ಅದನ್ನು ಕಂಡುಹಿಡಿದದ್ದು ವಾಕ್ಸ್‌ಮನ್ ಅಂತ ಪುಸ್ತಕಗಳಲ್ಲಿ ಇರುತ್ತದೆ. 1952ರ ನೊಬೆಲ್ ಅವರೊಬ್ಬರಿಗೇ ಬಂತು. ಆದರೆ 1943ರ ಅಕ್ಟೋಬರ್‌ನಲ್ಲಿ ನೆಲಮಾಳಿಗೆಯ ಲ್ಯಾಬಿನಲ್ಲಿ ಅದನ್ನು ಬೇರ್ಪಡಿಸಿದ್ದು 23 ವರ್ಷದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್. ಒಂದು ತಳಿ ಸಿಕ್ಕಿದ್ದು ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ. ಇನ್ನೊಂದು ಕೋಳಿಯ ಗಂಟಲಿನಿಂದ ತೆಗೆದ ಮಾದರಿಯಲ್ಲಿ. 1944ರ ಮೊದಲ ಪ್ರಬಂಧದಲ್ಲಿ ಶಾಟ್ಸ್ ಹೆಸರು ಮೊದಲು, ಎಲಿಜಬೆತ್ ಬ್ಯೂಗಿ ಹೆಸರು ಎರಡನೆಯದು, ವಾಕ್ಸ್‌ಮನ್ ಕೊನೆಗೆ.

ಆಮೇಲೆ ಪೇಟೆಂಟಿನ ಹಣ ವಾಕ್ಸ್‌ಮನ್‌ಗೆ ಹೋಗುತ್ತಿದೆ ಅಂತ ಗೊತ್ತಾಗಿ ಶಾಟ್ಸ್ 1950ರಲ್ಲಿ ಕೋರ್ಟಿಗೆ ಹೋದರು. ಅದೇ ವರ್ಷ ರಾಜಿಯಾಯಿತು. ಕಾನೂನಿನ ಪ್ರಕಾರ ಸಹಶೋಧಕ ಅಂತ ಒಪ್ಪಿದರು, ಪೇಟೆಂಟಿನ ಹಣದಲ್ಲಿ ಪಾಲೂ ಕೊಟ್ಟರು. ಆದರೂ ಎರಡು ವರ್ಷದ ನಂತರ ನೊಬೆಲ್ ಸಮಿತಿ ಅವರನ್ನು ಬಿಟ್ಟಿತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಪರದೇಸದ ಮನೆ
ಪೂರ್ತಿ ಅನ್ಯಾಯ ಅನ್ನಲು ನನಗೆ ಮನಸ್ಸಿಲ್ಲ. ಮಣ್ಣಿನ ಈ ಜೀವಿಗಳನ್ನು ವಾಕ್ಸ್‌ಮನ್ ಹತ್ತಾರು ವರ್ಷದಿಂದ ಓದುತ್ತಿದ್ದರು. ಸಾವಿರಾರು ಮಾದರಿಯನ್ನು ಒಂದೊಂದಾಗಿ ಪರೀಕ್ಷೆ ಮಾಡುವ ದಾರಿ ಹಾಕಿದ್ದು ಅವರು. 1940ರಲ್ಲೇ ಅವರ ಲ್ಯಾಬಿನಲ್ಲಿ ಆಕ್ಟಿನೊಮೈಸಿನ್ ಎಂಬ ಆಂಟಿಬಯಾಟಿಕ್ ಸಿಕ್ಕಿತ್ತು. ಆ ದಾರಿ ಇಲ್ಲದಿದ್ದರೆ ಶಾಟ್ಸ್ ಏನು ಮಾಡುತ್ತಿದ್ದರು?

ಹಳೇ ಪುಟ
ದಾರಿ ಹಾಕಿದವರಿಗೂ ಕೊಡಲಿ, ನಡೆದವನಿಗೂ ಕೊಡಲಿ. ಕ್ಷಯದ ಬ್ಯಾಕ್ಟೀರಿಯಾ ಇಟ್ಟುಕೊಂಡು ನೆಲಮಾಳಿಗೆಯಲ್ಲಿ ಹಗಲು ರಾತ್ರಿ ಕೂತದ್ದು ಆ ಹುಡುಗ. 1994ರಲ್ಲಿ ರಟ್ಗರ್ಸ್ ತಾನೇ ಕರೆದು ಪದಕ ಕೊಟ್ಟಿತು. 50 ವರ್ಷ ಆದ ಮೇಲೆ!

ತೆಂಗಿನಗರಿ
ಈ ಮಾತು ಓದಿ ನಮ್ಮ ಅಜ್ಜ ನೆನಪಾದರು. ಕ್ಷಯ ಆಗಿತ್ತು. ದಿನಾ ಸೊಂಟಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚುತ್ತಿದ್ದರು. ಮೂರು ಮೈಲಿ ನಡೆದು ಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದರಂತೆ. ಕ್ಷಯ ವಾಸಿಯಾಯಿತು, ಆಮೇಲೆ ಮೂವತ್ತು ವರ್ಷ ಬದುಕಿದರು. ಆದರೆ ಕಿವಿ ಹೋಯಿತು. ಕಿವಿಯಲ್ಲಿ ಜೀರುಂಡೆ ಕೂಗುತ್ತಿದೆ ಅನ್ನುತ್ತಿದ್ದರು. ಕತ್ತಲಲ್ಲಿ ನಡೆಯುವಾಗ ತೂರಾಡುತ್ತಿದ್ದರು. ಊರವರು ಕುಡಿದಿದ್ದಾರೆ ಅಂದುಕೊಂಡರು. ಅವರು ಒಂದು ದಿನವೂ ಕುಡಿದವರಲ್ಲ. ಔಷಧಿಯಿಂದ ಹೀಗಾಗಬಹುದು ಅಂತ ಯಾರೂ ಹೇಳಿರಲಿಲ್ಲ. ನನಗೆ ತಿಳಿದದ್ದು ಅವರು ಹೋದ ಮೇಲೆ.

ನಾಡಿಮಿಡಿತ
ಓದಿ ಬೇಸರವಾಯಿತು. ಹೌದು, ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ಈ ಔಷಧಿ ಕೊಲ್ಲುತ್ತದೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಸಮತೋಲನದ ಭಾಗಕ್ಕೂ ಪೆಟ್ಟು ಬೀಳುತ್ತದೆ, ಕತ್ತಲಲ್ಲಿ ತೂರಾಡುವುದು ಅದರಿಂದಲೇ. ತಾಯಿಯಿಂದ ಬರುವ ಒಂದು ವಂಶವಾಹಿ ಬದಲಾವಣೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಈಗ ಟಿಬಿಗೆ ಮುಖ್ಯವಾಗಿ ಮಾತ್ರೆಗಳನ್ನೇ ಕೊಡುತ್ತೇವೆ. ಮನೆಯಲ್ಲಿ ಯಾರಿಗಾದರೂ ಇಂಥ ಇಂಜೆಕ್ಷನ್‌ನಿಂದ ಕಿವಿಗೆ ತೊಂದರೆ ಆಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಕೆಂಪುಮಣ್ಣು
ಅಂದರೆ ಎಲ್ಲ ಆಂಟಿಬಯಾಟಿಕ್ಕೂ ಇದರಿಂದಲೇ ಬಂದದ್ದಾ? ಕೊನೆಗೆ 'ಮೈಸಿನ್' ಅಂತ ಇರುವುದೆಲ್ಲ?

ಸೂಕ್ಷ್ಮದರ್ಶಕ
ಎಲ್ಲ ಅಲ್ಲ. ಪೆನಿಸಿಲಿನ್ ಶಿಲೀಂಧ್ರದ್ದು. ಜೆಂಟಾಮೈಸಿನ್ ಮೈಕ್ರೊಮೊನೊಸ್ಪೊರಾ ಎಂಬ ನೆಂಟನದ್ದು. ಎರಿತ್ರೊಮೈಸಿನ್ ಕೊಡುವ ಜೀವಿಯನ್ನು ಮೊದಲು ಸ್ಟ್ರೆಪ್ಟೊಮೈಸಿಸ್ ಅಂತಲೇ ಕರೆದಿದ್ದರು, ಆಮೇಲೆ ಬೇರೆ ಕುಲಕ್ಕೆ ಹಾಕಿದರು. ಆದರೂ ಪ್ರಕೃತಿಯಿಂದ ಬಂದ ಆಂಟಿಬಯಾಟಿಕ್‌ಗಳಲ್ಲಿ ಸುಮಾರು ಮೂರನೇ ಎರಡು ಪಾಲು ಈ ಬಳಗದ್ದು.

ಒಂದೊಂದರ ಹಿಂದೆ ಒಂದೊಂದು ಊರಿನ ಮಣ್ಣಿದೆ. ಕ್ಲೋರಾಂಫೆನಿಕಾಲ್ ವೆನೆಜುವೆಲಾದ ಮಣ್ಣು. ಹುಳದ ಔಷಧಿ ಐವರ್‌ಮೆಕ್ಟಿನ್ ಬಂದದ್ದು ಜಪಾನಿನ ಗಾಲ್ಫ್ ಮೈದಾನದ ಪಕ್ಕದ ಮಣ್ಣಿನಿಂದ. ಅದನ್ನು ತೆಗೆದ ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಬಂತು.

ದೀಪದಕಂಬ
ನನ್ನ ತಮ್ಮನಿಗೆ ಕಿಡ್ನಿ ಕಸಿ ಆಗಿದೆ. ದಿನಾ ಬೆಳಗ್ಗೆ ರಾತ್ರಿ ಗಡಿಯಾರ ನೋಡಿ ಟ್ಯಾಕ್ರೊಲಿಮಸ್ ತಗೊಳ್ಳುತ್ತಾನೆ. ಅದೂ ಮಣ್ಣಿನದ್ದು ಅಂತ ಯಾರೋ ಹೇಳಿದ್ದರು. ಇದೇನಾ?

ಸೂಕ್ಷ್ಮದರ್ಶಕ
ಇದೇ. ಜಪಾನಿನ ತ್ಸುಕುಬಾ ಎಂಬ ಊರಿನ ಮಣ್ಣಿನಲ್ಲಿ 1984ರಲ್ಲಿ ಸಿಕ್ಕಿದ್ದು. ಜೀವಿಯ ಹೆಸರೇ ಸ್ಟ್ರೆಪ್ಟೊಮೈಸಿಸ್ ತ್ಸುಕುಬಾಎನ್ಸಿಸ್. ನಿಮ್ಮ ತಮ್ಮ ಚೆನ್ನಾಗಿರಲಿ.

ಹಳೇ ಪುಟ
ನಮ್ಮವರ ಹೆಸರನ್ನೂ ಹೇಳಿ. ಎಂ.ಜೆ. ತಿರುಮಲಾಚಾರ್, ಮೈಸೂರು ಸೀಮೆಯವರು. ಪುಣೆ ಹತ್ತಿರದ ಪಿಂಪ್ರಿಯ ಎಚ್‌ಎಎಲ್‌ನಲ್ಲಿ ಸಂಶೋಧನೆ ಮಾಡುತ್ತಿದ್ದರು. ಶಿಲೀಂಧ್ರದ ಸೋಂಕಿಗೆ ಹಾಮೈಸಿನ್, ಬೆಳೆಗಳ ರೋಗಕ್ಕೆ ಆರಿಯೊಫಂಗಿನ್ ಕೊಟ್ಟವರು. ಹಾಮೈಸಿನ್ ಸಿಕ್ಕಿದ ಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಅಂತ ಊರಿನ ಹೆಸರೇ ಇಟ್ಟರು.

ಕೆಂಪುಮಣ್ಣು
ಎಚ್‌ಎಎಲ್ ಬೆಂಗಳೂರಿನ ವಿಮಾನದ ಕಾರ್ಖಾನೆ ಅಲ್ವಾ?

ಹಳೇ ಪುಟ
ಅದು ಬೇರೆ. ಇದು ಹಿಂದೂಸ್ತಾನ್ ಆಂಟಿಬಯಾಟಿಕ್ಸ್, 1954ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಹಾಮೈಸಿನ್‌ನ 'ಹಾ' ಅದರ ಹೆಸರಿನದ್ದೇ.

ದಾಳಿಂಬೆ ತೋಟ
ಬಾಗಲಕೋಟೆ ಕಡೆಯವನು. ಆ ಕಂಪನಿಯ ಸ್ಟ್ರೆಪ್ಟೊಸೈಕ್ಲಿನ್ ಪುಡಿಯನ್ನು ನಾವು ವರ್ಷಗಟ್ಟಲೆ ದಾಳಿಂಬೆಗೆ ಹೊಡೆದಿದ್ದೇವೆ. ದುಂಡಾಣು ಅಂಗಮಾರಿ ಬಂದರೆ ಕಾಯಿ ಮೇಲೆ ಕಪ್ಪು ಚುಕ್ಕೆ ಬಿದ್ದು ಸೀಳಿಬಿಡುತ್ತದೆ. ಒಂದು ವಾರದಲ್ಲಿ ತೋಟ ಖಾಲಿ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕರಡು ಆದೇಶ ತಂದು, 2024ರ ಜನವರಿಯಿಂದ ಬೆಳೆಗಳಿಗೆ ಇದನ್ನು ಬಳಸಬಾರದು ಅಂತು. ಇದು ಮಣ್ಣಿನಿಂದಲೇ ಬಂದದ್ದಲ್ವಾ? ನೈಸರ್ಗಿಕ. ಮಣ್ಣಿನದ್ದನ್ನು ಗಿಡಕ್ಕೆ ಹೊಡೆದರೆ ಏನು ತಪ್ಪು?

ನಾಡಿಮಿಡಿತ
ನೈಸರ್ಗಿಕ ಅನ್ನುವುದು ಉತ್ತರ ಅಲ್ಲ ಸರ್. ಮಣ್ಣಿನಲ್ಲಿ ಆ ಜೀವಿ ಒಂದು ಕೂದಲಿನ ದೂರಕ್ಕೆ ಬೇಕಾದಷ್ಟು ಮಾತ್ರ ಬಿಡುತ್ತದೆ. ನಾವು ಎಕರೆಗಟ್ಟಲೆ ಹೊಡೆಯುತ್ತೇವೆ. ಆ ಪುಡಿಯಲ್ಲಿ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಎರಡೂ ಇವೆ. ಹೊಡೆದ ಕಡೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಆ ಗುಣವನ್ನು ಬೇರೆಯವಕ್ಕೂ ದಾಟಿಸುತ್ತವೆ. ದನ ಸಾಕುವವರಿಗೆ ಬರುವ ಬ್ರುಸೆಲ್ಲಾ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಜೊತೆ ಸ್ಟ್ರೆಪ್ಟೊಮೈಸಿನ್ ಕೊಡುತ್ತೇವೆ. ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ಮನೆತನದ್ದೇ. ಈ ಔಷಧಿಗಳು ಕೆಲಸ ಮಾಡದಿದ್ದರೆ ಮೊದಲು ಕಷ್ಟಕ್ಕೆ ಬೀಳುವವರು ರೈತರೇ.

ದಾಳಿಂಬೆ ತೋಟ
ನಿಮ್ಮ ಮಾತು ತಿಳಿಯುತ್ತದೆ ಡಾಕ್ಟ್ರೇ. ಆದರೆ ಸಾಲ ನಮ್ಮ ತಲೆ ಮೇಲಿದೆ. ಬೇಡ ಅನ್ನುವವರು ಬದಲಿಗೆ ಏನು ಅಂತ ಹೊಲಕ್ಕೆ ಬಂದು ಹೇಳಬೇಕು. ಅಂಗಡಿಯವನು ಈಗಲೂ ಬೇರೆ ಹೆಸರಲ್ಲಿ ಏನೇನೋ ಕೊಡುತ್ತಾನೆ, ಒಳಗೆ ಏನಿದೆ ಅಂತ ನಮಗೆ ಗೊತ್ತಾಗುವುದಿಲ್ಲ.

ಕೊಟ್ಟಿಗೆ ಗೊಬ್ಬರ
ತಮ್ಮಾ, ನನ್ನ ಭಾವನ ತೋಟ ಕೊಪ್ಪಳದ ಹತ್ತಿರ. ಅವನು ಮೃಗ ಬಹಾರ್ (ಮಳೆಗಾಲದಲ್ಲಿ ಹೂ ಬಿಡಿಸುವುದು) ಬಿಟ್ಟು ಹಸ್ತ ಬಹಾರ್‌ಗೆ (ಸೆಪ್ಟೆಂಬರ್ ಮೇಲೆ ಹೂ ಬಿಡಿಸುವುದು) ಬಂದ. ಜೂನ್, ಜುಲೈ ಮಳೆಯಲ್ಲಿ ಹೂ ಕಾಯಿ ಇದ್ದರೆ ಹನಿ ಚಿಮ್ಮಿ ರೋಗ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಸೆಪ್ಟೆಂಬರ್ ಮೇಲೆ ಹೂ ಬಿಡಿಸಿದರೆ ಕಾಯಿ ದಪ್ಪ ಆಗುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ರೋಗದ ಕಡ್ಡಿ ಕತ್ತರಿಸಿ ತೋಟದಿಂದ ಹೊರಗೆ ಸುಡುತ್ತಾನೆ. ಒಂದೊಂದು ಗಿಡ ಆದ ಮೇಲೂ ಕತ್ತರಿಯನ್ನು ಬ್ಲೀಚಿಂಗ್ ನೀರಿಗೆ ಅದ್ದುತ್ತಾನೆ. ಕಟಾವಾದ ಮೇಲೆ ಗಿಡಕ್ಕೆ ವಿಶ್ರಾಂತಿ, ಬೋರ್ಡೊ ದ್ರಾವಣ. ರೋಗ ಪೂರ್ತಿ ಹೋಗಿಲ್ಲ, ಆದರೆ ತೋಟ ಉಳಿದಿದೆ.

ದಾಳಿಂಬೆ ತೋಟ
ಹಸ್ತ ಬಹಾರ್‌ಗೆ ಬೇಸಿಗೆ ನೀರು ಬೇಕಲ್ಲ ಅಣ್ಣಾ. ನನ್ನ ಬೋರ್‌ವೆಲ್ ಮಾರ್ಚಿಗೇ ಸೋಲುತ್ತದೆ.

ಕೊಟ್ಟಿಗೆ ಗೊಬ್ಬರ
ಅದು ನಿಜ. ಅವನಿಗೆ ಕೃಷಿ ಹೊಂಡ ಇದೆ.

ಆಲೂ ಹೊಲ
ಹಾಸನದಿಂದ. ಆಲೂಗಡ್ಡೆ ಮೇಲೆ ಕಜ್ಜಿ ಹಾಗೆ ಒರಟು ಕಲೆ ಮಾಡುವುದೂ ಇದೇ ಕುಲದ್ದಂತೆ, ಸ್ಟ್ರೆಪ್ಟೊಮೈಸಿಸ್ ಸ್ಕೇಬೀಸ್. ಹಾಗಾದರೆ ಬೇಲಿಹೂ ಅವರ ಗೊಬ್ಬರ ಆಲೂಗೆ ಹಾಕಿದರೆ ಕಜ್ಜಿ ಬರುವುದಿಲ್ವಾ?

ಸೂಕ್ಷ್ಮದರ್ಶಕ
ಈ ಕುಲದಲ್ಲಿ ನೂರಾರು ಜಾತಿ ಇವೆ. ಗಿಡಕ್ಕೆ ರೋಗ ತರುವವು ಬೆರಳೆಣಿಕೆಯಷ್ಟು. ಆದರೂ ಅರೆಬೆಂದ ಗೊಬ್ಬರ ಆಲೂಗೆ ಹಾಕಬೇಡಿ. ಸುಣ್ಣ ಜಾಸ್ತಿ ಹಾಕಿದ ಮಣ್ಣಿನಲ್ಲಿ ಕಜ್ಜಿ ಜೋರು. ಗೆಡ್ಡೆ ಕಟ್ಟುವ ಹೊತ್ತಿಗೆ ಕೆಲವು ವಾರ ಮಣ್ಣು ಒಣಗದ ಹಾಗೆ ನೋಡಿಕೊಂಡರೆ ಕಮ್ಮಿಯಾಗುತ್ತದೆ.

ಬೇಲಿಹೂ ಅವರೇ, ಒಂದು ಕೇಳಲು ಮರೆತೆ. ಹಸುವಿಗೆ ಇತ್ತೀಚೆಗೆ ಹುಳದ ಇಂಜೆಕ್ಷನ್ ಹಾಕಿಸಿದ್ದೀರಾ?

ಬೇಲಿಹೂ
ಹೋದ ವಾರವೇ. ಐವರ್‌ಮೆಕ್ಟಿನ್ ಅಂತ ಚೀಟಿಯಲ್ಲಿದೆ. ಯಾಕೆ?

ಸೂಕ್ಷ್ಮದರ್ಶಕ
ಅದು ಬಹುಪಾಲು ಸಗಣಿಯಲ್ಲೇ ಹೊರಗೆ ಬರುತ್ತದೆ, ಕೆಲವು ವಾರ ಬರುತ್ತಲೇ ಇರುತ್ತದೆ. ಸಗಣಿ ಉರುಳಿಸುವ ದುಂಬಿಗಳ ಮರಿ ಅದರಲ್ಲಿ ಉಳಿಯುವುದಿಲ್ಲ. ಈ ತಿಂಗಳ ಸಗಣಿಯನ್ನು ಹಸಿಯಾಗಿ ತೋಟಕ್ಕೆ ಹಾಕಬೇಡಿ. ಗುಂಡಿಗೇ ಹಾಕಿ, ಪೂರ್ತಿ ಕಳಿಯಲಿ.

ಬೇಲಿಹೂ
ಸರಿ, ಹಾಗೇ ಮಾಡುತ್ತೇನೆ. ಇಷ್ಟನ್ನೂ ಅತ್ತೆಗೆ ಓದಿ ಹೇಳಿದೆ. ತೆಂಗಿನಗರಿಯವರ ಅಜ್ಜನ ವಿಷಯ ಬಂದಾಗ ಅವರು ಸುಮ್ಮನಾದರು. ಅವರ ಅಣ್ಣನಿಗೂ ಅದೇ ಇಂಜೆಕ್ಷನ್ ಕೊಟ್ಟಿದ್ದರಂತೆ. ಕೊನೆಗೆ, "ಎಸೆಯಬೇಡ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಗುಚು" ಅಂದರು. ನಾಳೆ ಬೆಳಗ್ಗೆ ನೀರು ಚಿಮುಕಿಸಿ ಶುರು ಮಾಡುತ್ತೇನೆ.

ನಾಡಿಮಿಡಿತ
ಬಟ್ಟೆ ಸಾಲದು, ಒಳ್ಳೆಯ ಮಾಸ್ಕ್ ಹಾಕಿ. ಚಪ್ಪಲಿಯೂ.

ದಾಳಿಂಬೆ ತೋಟ
ಕೊಟ್ಟಿಗೆ ಗೊಬ್ಬರ ಅಣ್ಣಾ, ನಿಮ್ಮ ಭಾವ ಹೊಂಡ ಎಷ್ಟು ಉದ್ದ, ಎಷ್ಟು ಆಳ ತೋಡಿಸಿದ್ದಾರೆ? ತಳಕ್ಕೆ ಹಾಳೆ ಹಾಕಿದ್ದಾರಾ? ಕೇಳಿ ಹೇಳಿ.